ಒಣಗಿದ ಮೇಲೆ ಕಂಡ ಗೆರೆ

ಡಲ್ಲಾಸ್ ಕಡೆಯ ಅಂಜೂರದ ತೋಟದಲ್ಲಿ ನೊಣ ಹಿಡಿಯಲು ವಿನೆಗರ್ ಹಾಕಿ ಕಟ್ಟಿದ್ದ ಬಾಟಲಿಗಳಲ್ಲಿ, ಹಣ್ಣು ಕೆಡಿಸುವ ಆಫ್ರಿಕಾದ ನೊಣ ಒಂದೂ ಇಲ್ಲವೆಂದು ವೈಷ್ಣವಿ ಸೋಮವಾರವೇ ತೋಟದವರಿಗೆ ಬರೆದಿದ್ದಳು. ಬುಧವಾರ ಆಸ್ಟಿನ್ನಿನ ಲ್ಯಾಬಿನಲ್ಲಿ ಅವುಗಳಲ್ಲೊಂದು ಬಾಟಲಿಯ ನೊಣವೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟುಕೊಂಡು ಈರವ್ವ ಬೆವರುತ್ತಿದ್ದಳು. ತೆಗೆದಿಡುವ ಮುಂಚೆ ಎಲ್ಲವನ್ನೂ ಇನ್ನೊಮ್ಮೆ ನೋಡುವುದು ಅವಳ ಚಾಳಿ. ತಲೆಯಿಂದ ಬೆನ್ನಿನುದ್ದಕ್ಕೂ ಬೆಳ್ಳನೆಯ ಗೆರೆಗಳು! ಪುಸ್ತಕದಲ್ಲಿದ್ದ ಆಫ್ರಿಕಾದ ನೊಣದ ಚಿತ್ರದೊಂದಿಗೆ ಏಳು ಸಲ ಹೋಲಿಸಿ ನೋಡಿಯಾಗಿತ್ತು.

ಹೇಳುವುದೋ ಬೇಡವೋ? ಮೈಸೂರಿನ ವೈಷ್ಣವಿ ಕೀಟಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಗದಗಿನ ಈರವ್ವ ನಲವತ್ತೆಂಟನೇ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಹೋಗಿ ಜೀವಶಾಸ್ತ್ರ ಕಲಿತವಳು. ನೊಣ ಎಣಿಸುವ ಈ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು. ತಪ್ಪಾದರೆ ನಗೆಪಾಟಲು. ಸುಮ್ಮನಿದ್ದರೆ ಆ ನೊಣ ಅಂಜೂರದ ತುದಿಯ ಕಣ್ಣಿನಂಥ ತೂತಿನಲ್ಲಿ ಮೊಟ್ಟೆಯಿಟ್ಟು, ತೋಟದ ಹಣ್ಣೆಲ್ಲ ಒಳಗೇ ಕೊಳೆಯುತ್ತದೆ.

"ಮೇಡಂ, ಸ್ವಲ್ಪ ಬರ್ತೀರೇನ್ರಿ? ನನ್ನ ಕಣ್ಣಿಗೇ ಏನರ ಆಗೇತೋ ಏನೋ."

ವೈಷ್ಣವಿ ಬಗ್ಗಿ ನೋಡಿದವಳು ತಲೆಯೆತ್ತಲೇ ಇಲ್ಲ. "ಆಂಟಿ, ಈ ಬಾಟಲಿ ನಾನೇ ನೋಡಿದ್ದೆ. ಗೆರೆ ಇರಲಿಲ್ಲವಲ್ಲ!"

"ನೀವು ಹಸೀವು ನೋಡೀರಿ. ನಾ ಕಾಗದದ ಮ್ಯಾಲೆ ಒಣಗಿಸೀನ್ರಿ. ಆ ವಿನೆಗರ್ ವಾಸನಿ ನನಗ ಆಗಂಗಿಲ್ಲ, ಅದಕ್ಕ."

ಉಳಿದ ನೊಣಗಳನ್ನೂ ಇಬ್ಬರೂ ಕಾಗದದ ಮೇಲೆ ಹರಡಿದರು. ಪಸೆ ಆರಿದಂತೆ ಗೆರೆಗಳು ಒಂದೊಂದಾಗಿ ಮೂಡತೊಡಗಿದವು.

"ಹನ್ನೊಂದು," ಎಂದಳು ವೈಷ್ಣವಿ.

"ಹನ್ನೆರಡ್ರಿ. ಒಂದು ಅಂಗಾತ ಬಿದ್ದೇತಿ, ಹೊಳ್ಳಿಸಿ ನೋಡ್ರಿ."

"ಮೂಗು ಮುಚ್ಕೊಂಡು ಹಿಡಿದ್ಬಿಟ್ರಲ್ಲ ಆಂಟಿ! ನಾನು ಆರು ವರ್ಷ ಓದಿದ್ದು ದಂಡ!"

ವೈಷ್ಣವಿ ನಿಂತಲ್ಲೇ ತೋಟದವರಿಗೆ ಫೋನ್ ಮಾಡಿದಳು. ತಾನು ಬರೆದದ್ದು ತಪ್ಪು, ಸರಿಯಾಗಿ ಗುರುತಿಸಿದ್ದು ಈರವ್ವ ಎಂದು ಹೆಸರು ಬಿಡಿಸಿ ಹೇಳಿದಳು. ಈರವ್ವನ ಕಿವಿ ಬಿಸಿಯಾಯಿತು.

ಹ್ಯೂಸ್ಟನ್ನಿನ ಸಂಗ್ರಹಾಲಯಕ್ಕೆ ಕಳಿಸುವ ನೊಣವನ್ನು ಸೂಜಿಗೆ ಏರಿಸಿ, ಗುರುತಿಸಿದವರ ಹೆಸರನ್ನು ಉಗುರಗಲದ ಚೀಟಿಯಲ್ಲಿ ಬರೆದು ಅದರಡಿ ಚುಚ್ಚುವುದು ಪದ್ಧತಿ. ಈರವ್ವ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದಳು. ಮುಂದೆ ಮೆಲ್ಲಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದಳು.

ವೈಷ್ಣವಿ ಇನ್ನೊಂದು ಚೀಟಿ ಕೊಟ್ಟಳು. "ಅನುಮಾನ ಇದ್ಯಾ?"

ಈರವ್ವ ಎಂಟನೇ ಸಲ ನೋಡಿದಳು. "ಇಲ್ರಿ." ಈ ಬಾರಿ ಬರಿಯ ಹೆಸರು ಬರೆದಳು, ಶಾಯಿಯಲ್ಲಿ.

ಶುಕ್ರವಾರ ಹ್ಯೂಸ್ಟನ್ನಿಗೆ ಹೊರಟಾಗ ವೈಷ್ಣವಿ, "ನೊಣದ ಪೆಟ್ಟಿಗೆ ಹಿಂದಿನ ಸೀಟಲ್ಲಿಡಿ ಆಂಟಿ, ಮೂರು ಗಂಟೆ ದಾರಿ," ಎಂದಳು.

"ನೀವು ಡ್ರೈವ್ ಮಾಡ್ರಿ. ಇದು ನನ್ನ ತೊಡಿ ಮ್ಯಾಲೇ ಇರ್ಲಿ."