ಬಸ್ಸಿನ ಬೆನ್ನ ಮೇಲಿನ ಮುಖ

ಚರ್ಮದ ಆಸ್ಪತ್ರೆಯಲ್ಲಿ ಅವಳ ಕೆಲಸವೆಂದರೆ ಮಾತಾಡುವುದು. ಸೂಜಿ ಹಿಡಿಯುವವರು ಬೇರೆ, ಯಂತ್ರ ಹಿಡಿಯುವವರು ಬೇರೆ. ಬಂದವರ ಕೈಗೆ ಒಂದು ಕನ್ನಡಿ ಕೊಟ್ಟು, ಎದುರಿಗೆ ಕೂತು, ಮುಖ ಬಿಗಿ ಮಾಡುವ ಅಲ್ಟ್ರಾಸೌಂಡೋ ಗೆರೆ ತುಂಬುವ ಫಿಲ್ಲರೋ ಎಂದು ತೀರ್ಮಾನವಾಗುವ ತನಕ ಅವರನ್ನು ಎದ್ದು ಹೋಗಲು ಬಿಡದಿರುವುದು ಇವಳ ಪಾಲಿನದು. ಏಳು ವರ್ಷದಿಂದ ಮಾಡುತ್ತಿದ್ದಾಳೆ. ಇವಳ ಬಾಯಿಗೆ ಸಿಕ್ಕವರು ಹಾಗೇ ವಾಪಸು ಹೋದದ್ದಿಲ್ಲ ಎಂದು ಡಾಕ್ಟರಮ್ಮನೇ ಹೊಗಳುತ್ತಾರೆ.

ಅಂಥ ಬಾಯಿಯವಳು ಆ ಬುಧವಾರ ಮಧ್ಯಾಹ್ನ, ಡ್ರೈವರ್ ಯೂನಿಫಾರಮ್ಮಿನಲ್ಲೇ ಬಂದು ಸೋಫಾದ ಅಂಚಿನಲ್ಲಿ ಕೂತಿದ್ದ ಅಕ್ಕನನ್ನು ಕಂಡು ಮಾತು ನಿಂತು ಹೋದವಳಂತೆ ನಿಂತುಬಿಟ್ಟಳು.

ಯಾಕೆ ಅಂತ ಹೇಳಿಬಿಡೋಣ, ಮುಚ್ಚುಮರೆ ಯಾಕೆ. ಅಕ್ಕ ಸಿಟಿ ಬಸ್ಸು ಓಡಿಸುತ್ತಾಳೆ. ಇಪ್ಪತ್ನಾಲ್ಕು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಬಿಸಿಲು ತಿಂದ ಮುಖ ಅವಳದು. ಕಿಟಕಿ ಕಡೆಯ ಕೆನ್ನೆ ಜೋತುಬಿದ್ದು, ಬಾಯಿಯ ಪಕ್ಕದ ಗೆರೆ ಆಳಕ್ಕೆ ಇಳಿದಿದೆ. ಇನ್ನೊಂದು ಕೆನ್ನೆ ನೋಡಿದರೆ ಹತ್ತು ವರ್ಷ ಚಿಕ್ಕವಳು ಅನ್ನಬೇಕು. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದ್ದು ಆ ಸೀಟಿನಲ್ಲಿ ಕೂತೇ. ಇದೆಲ್ಲ ತಂಗಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡಿದಳಲ್ಲ, ಅದನ್ನು ಏನೆನ್ನೋಣ!

ನಾಲ್ಕು ತಿಂಗಳ ಹಿಂದೆ ಡಾಕ್ಟರಮ್ಮ ಒಂದು ಫೋಟೊ ಕೇಳಿದ್ದರು. ಜೋತುಬಿದ್ದ ಚರ್ಮ, ಆಳದ ಗೆರೆ ಎರಡೂ ಒಂದೇ ಮುಖದಲ್ಲಿರಬೇಕು. ಯಾವುದಕ್ಕೆ ಯಾವ ಚಿಕಿತ್ಸೆ ಅಂತ ಬಂದವರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಪೇಷೆಂಟುಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ತಂಗಿಯ ಫೋನಿನಲ್ಲಿ ಅಕ್ಕನದೊಂದು ಫೋಟೊ ಇತ್ತು, ಲೈಸೆನ್ಸಿಗೆಂದು ತೆಗೆದದ್ದು, ನಗದೆ ನೆಟ್ಟಗೆ ನೋಡುವಂಥದ್ದು. ಕಣ್ಣಿನ ಮೇಲೊಂದು ಕಪ್ಪು ಪಟ್ಟಿ ಎಳೆದರೆ ಯಾರಿಗೆ ತಿಳಿಯುತ್ತದೆ ಅಂದುಕೊಂಡಳು. ಒಪ್ಪಿಗೆ ಪತ್ರಕ್ಕೆ ಅಕ್ಕನ ಸಹಿಯನ್ನೂ ತಾನೇ ಹಾಕಿ ಕೊಟ್ಟಳು. ಒಂದು ಮಾತು ಕೇಳಬಹುದಿತ್ತು. ಆದರೆ 'ನಿನ್ನ ಮುಖ ಹಾಳಾಗಿರೋದು ನಮಗೆ ಉಪಯೋಗಕ್ಕೆ ಬರತ್ತೆ ಅಕ್ಕ' ಅಂತ ಯಾವ ಬಾಯಿಂದ ಕೇಳುವುದು? ಕೇಳಲು ನಾಚಿಕೆಯಂತೆ, ಕದಿಯಲು ನಾಚಿಕೆಯಿಲ್ಲ!

ತನ್ನ ಕೋಣೆಯೊಳಗೇ ಇರುತ್ತದೆ ಅಂದುಕೊಂಡಿದ್ದ ಆ ಫೋಟೊ ಹೋದ ವಾರ ಜಾಹೀರಾತಾಗಿ ಊರ ಬಸ್ಸುಗಳ ಬೆನ್ನೇರಿತ್ತು. ಕಣ್ಣಿನ ಮೇಲೆ ಕಪ್ಪು ಪಟ್ಟಿ, ಒಂದು ಬಾಣ ಕೆನ್ನೆಗೆ, ಒಂದು ಬಾಣ ಗೆರೆಗೆ. ಅಂದಿನಿಂದ ತಂಗಿಗೆ ಊಟ ಸೇರುತ್ತಿರಲಿಲ್ಲ.

"ಅಕ್ಕ, ನೀನೇನು ಇಲ್ಲಿ?"

"ಯಾಕೆ, ಬರಬಾರ್ದಿತ್ತಾ? ಡ್ಯೂಟಿ ಮುಗೀತು, ಬಂದೆ. ನಿನ್ನ ರೂಮೆಲ್ಲಿ, ನಡಿ."

ಕೋಣೆಯೊಳಗೆ ಬಂದವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ತಿರುಗಿ ನೋಡಿದಳು.

"ನಗಬೇಡ ಪುಟ್ಟಿ. ಬಸ್ಸುಗಳ ಹಿಂದೆ ನಿಮ್ಮದೊಂದು ಬೋರ್ಡು ಹಾಕಿದಾರಲ್ಲ, ಅದ್ಯಾರೋ ಹೆಂಗಸಿಂದು. ಡಿಪೊದಲ್ಲಿ ಎಲ್ಲಾ ಅದು ನೀನೇ, ನೀನೇ ಅಂತ ಆಡ್ಕೊಂಡು ನಗ್ತಾರೆ. ಆ ಮೆಕ್ಯಾನಿಕ್ ಅಂತೂ, ಅಕ್ಕಾವ್ರೇ ಬಾಣ ಚುಚ್ಚಿದ್ದು ನೋಯ್ತಾ ಅಂತಾನೆ! ಸರಿಯಾಗಿ ಉಗಿದೆ. ನಮ್ಮ ಹುಡುಗಿ ಅಲ್ಲೇ ಕೆಲ್ಸ ಮಾಡೋದು ಕಣೋ, ನನ್ನ ಮುಖ ಆಗಿದ್ರೆ ಅವಳು ಹಾಕೋಕೆ ಬಿಡ್ತಿದ್ಳಾ ಅಂದೆ. ದೊಡ್ಡ ಜಗಳಾನೇ ಆಗೋಯ್ತು."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ತಂಗಿಗೆ.

"ಆದ್ರೂ ನೋಡು, ನಿನ್ನೆ ಸಿಗ್ನಲ್ಲಲ್ಲಿ ಆ ಬೋರ್ಡಿರೋ ಬಸ್ಸಿನ ಹಿಂದೇನೇ ನನ್ನ ಬಸ್ಸು ನಿಲ್ಲಿಸ್ಕೊಂಡಿದ್ದೆ. ಅವಳ ಮುಖ ನೋಡ್ದೆ, ಕನ್ನಡೀಲಿ ನನ್ನದೂ ನೋಡ್ದೆ. ಅವರು ಹೇಳಿದ್ದು ಸುಳ್ಳಲ್ಲ ಕಣೇ, ಥೇಟ್ ಹಾಗೇ ಇದೆ. ಇಷ್ಟು ವರ್ಷ ಚೆನ್ನಾಗೇ ಇದೀನಿ ಅಂದ್ಕೊಂಡು ಎಲ್ಲರ ಎದುರಿಗೂ ತಿರುಗ್ತಿದ್ನಲ್ಲ!" ಅಕ್ಕ ನಕ್ಕಳು. ನಗುವಾಗ ಕಿಟಕಿ ಕಡೆಯ ಕೆನ್ನೆಗೆ ಕೈ ಅಡ್ಡ ಹಿಡಿದಳು. ಬಾಯಿ ತುಂಬ ನಗುವ ಹೆಂಗಸು ಅವಳು, ಹಾಗೆ ಕೈ ಹಿಡಿದದ್ದನ್ನು ತಂಗಿ ಕಂಡೇ ಇರಲಿಲ್ಲ. "ಅದಕ್ಕೇ ಬಂದೆ. ನನಗೆ ಯಾವುದು ಆಗತ್ತೆ ಹೇಳು. ಬಂದವರಿಗೆಲ್ಲಾ ಹೇಳ್ತೀಯಲ್ಲ, ಹಾಗೇ ಹೇಳು."

ಆಗಲೇ ಕಾಲಿಗೆ ಬಿದ್ದು ಹೇಳಬಹುದಿತ್ತು. ಹೇಳಿದಳೇ? ಎಲ್ಲಿ ಹೇಳುತ್ತಾಳೆ! ಬಾಯಿ ತೆರೆದರೆ ಏಳು ವರ್ಷದ ಪಾಠವೇ ಬಂತು.

"ಅಲ್ಟ್ರಾಸೌಂಡ್ ಅಂದ್ರೆ ಚರ್ಮದ ಆಳಕ್ಕೆ ಬಿಸಿ ಕೊಡೋದು. ಸೂಜಿ ಇರಲ್ಲ. ಬಿಗಿ ಬರೋಕೆ ಎರಡು ಮೂರು ತಿಂಗಳು ಹಿಡಿಯತ್ತೆ. ಜೋತುಬಿದ್ದಿರೋ ಕಡೆಗೆ ಅದು. ಫಿಲ್ಲರ್ ಅಂದ್ರೆ ಸೂಜೀಲಿ ಜೆಲ್ ತುಂಬೋದು. ಗೆರೆ ಅವತ್ತೇ ತುಂಬ್ಕೊಳ್ಳತ್ತೆ, ಆದ್ರೆ ವರ್ಷ ಒಂದೂವರೆ ವರ್ಷಕ್ಕೆ ಕರಗಿ ಹೋಗತ್ತೆ. ನಾಲ್ಕು ದಿನ ಊತ, ಕಲೆ ಇರಬಹುದು."

"ನೋವು?"

"ಬಿಸಿ ಕೊಡುವಾಗ ಚುರ್ ಅನ್ನತ್ತೆ. ದವಡೆ ಮೂಳೆ ಹತ್ರ ಸ್ವಲ್ಪ ಜಾಸ್ತಿ."

"ಇಂಜಿನ್ ಪಕ್ಕ ಕೂರೋಳಿಗೆ ಬಿಸಿ ಬಗ್ಗೆ ಹೇಳ್ತೀಯಾ! ನನಗೆ ಎರಡೂ ಬೇಕು ಅನ್ಸತ್ತೆ, ಅಲ್ವಾ?" ಎಂದು ಅಕ್ಕ ಕಣ್ಣು ಮುಚ್ಚಿ, ಮುಖವನ್ನು ದೀಪದ ಕಡೆಗೆ ಎತ್ತಿ ಹಿಡಿದಳು. ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಬೇಕಾದದ್ದು ಮುಂದಿನ ಕೆಲಸ. ತಂಗಿಯ ಕೈ ಏಳಲಿಲ್ಲ.

"ಅಕ್ಕ, ಆ ಬೋರ್ಡಿನ ಫೋಟೊ..."

ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರಮ್ಮ ಇಣುಕಿದರು. ಇವರು ಅಕ್ಕ ತಂಗಿ ಎಂದು ಅವರಿಗೇನು ಗೊತ್ತು? ಅಕ್ಕನ ಮುಖ ಕಂಡದ್ದೇ ಒಳಗೇ ಬಂದುಬಿಟ್ಟರು.

"ಅರೆ, ನಮ್ಮ ಪೋಸ್ಟರ್ ಮೇಡಂ ಅಲ್ವಾ! ಒಬ್ಬರೂ ಒಪ್ಪದೇ ಇದ್ದಾಗ ನೀವು ಸಹಿ ಹಾಕಿ ಫೋಟೊ ಕೊಟ್ರಲ್ಲ, ದೊಡ್ಡ ಮನಸ್ಸು ನಿಮ್ದು."

ಅಕ್ಕ ಕಣ್ಣು ತೆರೆದಳು. ತಂಗಿಯನ್ನು ನೋಡಿದಳು. ತಂಗಿ ನೆಲ ನೋಡಿದಳು. ಅಕ್ಕನಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಹೂಂ ಮೇಡಂ," ಅಂದಳು ಅಕ್ಕ. "ನಾನೇ ಸಹಿ ಹಾಕಿದ್ದು."

ಡಾಕ್ಟರಮ್ಮ ಅವಳ ಕೈ ಕುಲುಕಿ, ಮುಂದಿನ ಪೇಷೆಂಟು ಕಾಯುತ್ತಿದ್ದಾರೆಂದು ಹೊರಟುಹೋದರು. ಆಗ ತಂಗಿಯ ಎದೆಯಲ್ಲಿ ಮೊದಲು ಹುಟ್ಟಿದ ಮಾತು 'ಅಬ್ಬ, ಕೆಲಸ ಉಳೀತು' ಎಂಬುದು. ಹೌದು, ಅದೇ ಮೊದಲು. ಮರುಕ್ಷಣವೇ ತನ್ನ ಮೇಲೆ ತನಗೇ ಎಷ್ಟು ಹೇಸಿಗೆಯಾಯಿತೆಂದರೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಬೈಯಿ ಅಕ್ಕ. ಎರಡು ಬಾರಿಸು. ಸುಮ್ನಿರಬೇಡ."

ಅಕ್ಕ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ದನಿ ಏರಿಸಲಿಲ್ಲ.

"ನಾಳೆ ಡಿಪೊದಲ್ಲಿ, ಹೌದ್ರಪ್ಪಾ ಅದು ನಾನೇ, ಆಸ್ಪತ್ರೆಯವರು ಕೇಳಿದ್ರು ಕೊಟ್ಟೆ ಅಂತೀನಿ. ಇದು ನನ್ನ ಮುಖ ಅಂತ ಹೇಳ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಕೊಟ್ಟಿದ್ದು ನೀನು ಅಂತ ಹೇಳೋಕೆ ನಾಚಿಕೆ ಆಗತ್ತೆ ಪುಟ್ಟಿ."

ಅವಳು ಹೋದ ಮೇಲೆ ತಂಗಿ ಕೂತಲ್ಲೇ ಅತ್ತಳು. ಅತ್ತರೆ ಏನು ಬಂತು! ಮುಖ ಒರೆಸಿಕೊಂಡು ಎದ್ದು, ಕಾಯುತ್ತಿದ್ದವರನ್ನೆಲ್ಲ ದಾಟಿ, ತಟ್ಟದೆಯೇ ಡಾಕ್ಟರಮ್ಮನ ಬಾಗಿಲು ತೆರೆದಳು. ಕುರ್ಚಿಯ ಮೇಲೆ ಒಬ್ಬ ಹೆಂಗಸು ಒರಗಿದ್ದಳು, ಡಾಕ್ಟರಮ್ಮ ಅವಳ ಮುಖಕ್ಕೆ ಗುರುತು ಹಾಕುತ್ತಿದ್ದರು.

"ಆ ಸಹಿ ನಂದು ಮೇಡಂ. ಅವಳು ನಮ್ಮಕ್ಕ. ಅವಳನ್ನ ನಾನು ಕೇಳೇ ಇಲ್ಲ. ಬಸ್ಸುಗಳ ಮೇಲಿಂದ ಅದನ್ನ ತೆಗೆಸಿ."

ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ಸಿಲ್ಲು ನಿಂತಿತು. "ಏನ್ರೀ ಹೇಳ್ತಿದೀರಾ? ಈಗ ತಾನೇ ಅವರೇ ನನ್ನೆದುರಿಗೆ ಒಪ್ಕೊಂಡ್ರಲ್ಲ!"

"ಸುಳ್ಳು ಹೇಳಿದ್ಲು ಮೇಡಂ," ಅಂದಳು ತಂಗಿ. "ನಾನು ಹುಟ್ಟಿದಾಗಿಂದ ಅವಳ ಬಾಯಲ್ಲಿ ಸುಳ್ಳು ಕೇಳಿದ್ದು ಇವತ್ತೇ."