ತಳದ ನೀರು

ಒಂದೇ ತಿಂಗಳಲ್ಲಿ ಕುಕ್ಕರಿನ ಸೇಫ್ಟಿ ವಾಲ್ವು ಎರಡನೆಯ ಬಾರಿ ಕರಗಿಹೋದ ಮೇಲೆ, ಅತ್ತೆ ಇನ್ನು ಒಲೆಯ ಹತ್ತಿರ ಸುಳಿಯಬಾರದೆಂಬ ತೀರ್ಮಾನ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಆಗಿಹೋಯಿತು. ಮಗ ಬೆಂಕಿಪೆಟ್ಟಿಗೆಯನ್ನು ಮೇಲಿನ ಕಪಾಟಿಗೆ ಏರಿಸಿದ. ತಾಯಿ ಅದನ್ನು ನೋಡಿಯೂ ನೋಡದವರಂತೆ ಮುಖ ತಿರುಗಿಸಿಕೊಂಡರು. ಸೊಸೆ ಇವೆರಡನ್ನೂ ಕಂಡಳು. ಕಂಡದ್ದರ ಬಗ್ಗೆ ಯೋಚಿಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಹಾಜರಿ. ವಾರ್ಡುಗಳಿಂದ ಬರುವ ಹಾಸುಬಟ್ಟೆಗಳನ್ನು ಬೇರ್ಪಡಿಸುವುದು, ಯಂತ್ರಕ್ಕೆ ತುಂಬುವುದು, ಇಸ್ತ್ರಿ ಮಾಡಿ ಮಡಿಚುವುದು. ದಿನವಿಡೀ ಹಬೆಯಲ್ಲಿ ಬೆಂದು ಹೊರಗೆ ಬಂದರೆ ಬೀದಿಯ ಬಿಸಿಲೂ ತಂಪೆನಿಸುತ್ತಿತ್ತು. ಜೊತೆಯವಳು ಹೆರಿಗೆ ರಜೆಗೆ ಹೋದಂದಿನಿಂದ ವಾರಕ್ಕೆ ಎರಡು ದಿನ ಎರಡೆರಡು ಪಾಳಿ ಇವಳ ತಲೆಗೇ ಬಿದ್ದಿತ್ತು. ಗಂಡ ದೂರದೂರಿನ ಬಸ್ಸಿನ ಡ್ರೈವರು, ಒಂದು ದಿನ ಮನೆಯಲ್ಲಿ, ಒಂದು ದಿನ ದಾರಿಯಲ್ಲಿ.

ಅಡುಗೆಗೆ ಅತ್ತೆಸೊಸೆಯರು ತಮ್ಮದೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅತ್ತೆಯ ಬಲಗೈ ಹೆಬ್ಬೆರಳು ಒಮ್ಮೆ ಮುರಿದು ಕೂಡಿಕೊಂಡಿದ್ದು. ಕುಕ್ಕರಿನ ಮುಚ್ಚಳವನ್ನು ತಿರುಗಿಸಿ ಬಿಗಿಮಾಡುವ ಶಕ್ತಿ ಅದಕ್ಕಿರಲಿಲ್ಲ. ಆದ್ದರಿಂದ ಸೊಸೆ ನಾಲ್ಕೂವರೆಗೆ ಎದ್ದು, ಒಂದು ಪಾತ್ರೆಯಲ್ಲಿ ಅಕ್ಕಿ, ಇನ್ನೊಂದರಲ್ಲಿ ನೆನೆಸಿದ ಕಾಳು ಹಾಕಿ, ಒಂದರ ಮೇಲೊಂದು ಕುಕ್ಕರಿನೊಳಗಿಟ್ಟು, ಮುಚ್ಚಳ ಬಿಗಿದು, ಮೇಲೆ ವೇಟನ್ನೂ ಕೂರಿಸಿ, ಒಲೆಯ ಮೇಲಿಟ್ಟು ಹೊರಡುವಳು. ಹನ್ನೊಂದಕ್ಕೆ ಅತ್ತೆ ಒಲೆ ಹಚ್ಚಿ, ಮೂರು ಕೂಗು ಎಣಿಸಿ ಆರಿಸುವರು. ನಾಲ್ಕು ವರ್ಷ ಈ ಏರ್ಪಾಡು ಚಕ್ಕಡಿಯಂತೆ ಒಂದೇ ಜಾಡಿನಲ್ಲಿ ಉರುಳಿತ್ತು.

ಮೊದಲ ಸಲ ವಾಲ್ವು ಕರಗಿದಾಗ ಮನೆಯ ತುಂಬ ಹೊಗೆ, ಸೀದ ವಾಸನೆ. ಅತ್ತೆ ಒಂದೇ ಮಾತು ಹೇಳಿದರು, ಅದು ಕೂಗಲೇ ಇಲ್ಲ, ನಾನು ಕಾಯುತ್ತಲೇ ಕೂತಿದ್ದೆ, ಎಂದು. ಕೂಗಿರುತ್ತದೆ, ನಿನಗೆ ಕೇಳಿಸಿರುವುದಿಲ್ಲ, ಎಂದು ಮಗ ಪ್ರೀತಿಯಿಂದಲೇ ಸಮಾಧಾನ ಹೇಳಿದ. ಎರಡನೆಯ ಸಲ ಅದೇ ಹೊಗೆ, ಅದೇ ವಾಸನೆ. ಆದರೆ ಮಾತು ಬದಲಾಗಿತ್ತು.

"ಕೂಗಿರ್ಬೇಕು ಕಣೋ," ಎಂದರು ಅತ್ತೆ, ಮಗನ ಮುಖ ನೋಡದೆ. "ನಂಗೇ ಗೊತ್ತಾಗಿಲ್ಲ."

ಸುದ್ದಿ ತಿಳಿದ ಕೂಡಲೆ ಅತ್ತಿಗೆ, ಅಂದರೆ ಗಂಡನ ಅಕ್ಕ, ಫೋನಿನಲ್ಲಿ ಅಪ್ಪಣೆ ಕೊಟ್ಟುಬಿಟ್ಟರು. ಅವರು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ತಮ್ಮನ ಬಾಯಲ್ಲಿ, ಬೆನ್ನ ಹಿಂದೆ ಮಾತ್ರ, 'ಇನ್ಸ್‌ಪೆಕ್ಟರು'. ಭಾನುವಾರ ಬಂದು ಅಮ್ಮನನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವುದಾಗಿಯೂ, ಅಲ್ಲಿ ಅಡುಗೆಗೆ ಆಳಿರುವುದರಿಂದ ಅಮ್ಮ ಒಂದು ಲೋಟವನ್ನೂ ಎತ್ತಿಡಬೇಕಾಗಿಲ್ಲವೆಂದೂ ಹೇಳಿದರು. ಒಂದು ಲೋಟವನ್ನೂ ಎತ್ತಿಡಬೇಕಾಗಿಲ್ಲದ ಮನೆಯನ್ನು ನೆನೆದರೇ ಅತ್ತೆಗೆ ಉಸಿರು ಕಟ್ಟುತ್ತಿತ್ತು. ಹಿಂದೆ ಎರಡು ಸಲ ಹೋಗಿ, ವಾರ ತುಂಬುವುದರೊಳಗೆ ನೆಪ ಹೇಳಿ ಓಡಿಬಂದಿದ್ದರು. ಈ ಸಲ ಮಾತ್ರ ಮರುಮಾತಾಡದೆ ತಮ್ಮ ಪೆಟ್ಟಿಗೆಯನ್ನು ಮಂಚದಡಿಯಿಂದ ಎಳೆದು ಧೂಳು ಒರೆಸಿದರು.

ಬುಧವಾರ ಪಾಳಿ ಮುಗಿಸಿದ ಸೊಸೆ, ಬೆಳಿಗ್ಗೆಯೇ ಚೀಲದಲ್ಲಿ ಹೊತ್ತು ತಂದಿದ್ದ ಕುಕ್ಕರನ್ನು ಸ್ಟವ್ ರಿಪೇರಿಯವನ ಬಳಿಗೆ ಒಯ್ದಳು. ಬಾಗಿಲಗಲದ ಅಂಗಡಿ, ಗೋಡೆಯ ಮೊಳೆಗಳಿಗೆ ಗ್ಯಾಸ್ಕೆಟ್ಟುಗಳು ಬಳೆಗಳ ಹಾಗೆ ನೇತಾಡುತ್ತಿದ್ದವು. ಆತ ಮುಚ್ಚಳವನ್ನು ಬೆಳಕಿಗೆ ಹಿಡಿದು, ಹಬೆ ಬರುವ ಕೊಳವೆಗೆ ಬಾಯಿಟ್ಟು ಊದಿ ನೋಡಿ, ತಳವನ್ನು ಬೆರಳಿನಿಂದ ಸವರಿದ.

"ತಿಂಗಳಿಗೆ ಎರಡು ವಾಲ್ವು. ನಿಮ್ಮನೇಲಿ ಅನ್ನ ಬೇಯಿಸ್ತೀರೋ, ಇಟ್ಟಿಗೆ ಸುಡ್ತೀರೋ?"

ಮನೆಯಲ್ಲಿ ವಯಸ್ಸಾದವರಿದ್ದಾರೆ, ಕೂಗು ಕೇಳಿಸುವುದಿಲ್ಲ, ಹೆಚ್ಚು ಹೊತ್ತು ಬಿಟ್ಟುಬಿಡುತ್ತಾರೆ, ಎಂದಳು ಸೊಸೆ. ಅದು ಬಾಯಿಪಾಠವಾಗಿಹೋಗಿತ್ತು.

ಆತ ಅಲ್ಲವೆಂದು ತಲೆಯಾಡಿಸಿದ. ಹತ್ತಿಪ್ಪತ್ತು ನಿಮಿಷ ಹೆಚ್ಚು ಕೂಗಿದರೆ ಅನ್ನ ಮುದ್ದೆಯಾಗುತ್ತದೆ, ವಾಲ್ವು ಹೋಗುವುದಿಲ್ಲ. ಕೊಳವೆಯೂ ಕಟ್ಟಿಲ್ಲ, ಗಾಳಿ ಸಲೀಸಾಗಿ ಹೋಗುತ್ತಿದೆ. ಈ ತಳ ಬರಿದಾಗಿ ಸುಟ್ಟ ತಳ, ಎಂದು ವಿವರಿಸಿ, ನೀಲಿಗಟ್ಟಿದ ಲೋಹವನ್ನು ಅವಳಿಗೆ ತೋರಿಸಿದ.

"ತಳಕ್ಕೆ ನೀರೇ ಬಿದ್ದಿಲ್ಲ, ತಾಯಿ. ನೀರಿಲ್ದಿದ್ರೆ ಹಬೆ ಎಲ್ಲಿಂದ ಬರ್ಬೇಕು? ಹಬೆ ಇಲ್ದೆ ಅದು ಹೇಗೆ ಕೂಗುತ್ತೆ? ಪಾಪ, ಆ ಹಿರಿಯರು ಸಾಯಂಕಾಲದವರೆಗೆ ಕಾದ್ರೂ ಕೂಗ್ತಿರ್ಲಿಲ್ಲ."

ಆತ ಹೊಸ ವಾಲ್ವನ್ನು ತಿರುಪುತ್ತಲೇ, ವೇಟನ್ನು ಯಾವಾಗ ಇಡುತ್ತೀರಿ ಎಂದು ಕೇಳಿದ. ಬೆಳಿಗ್ಗೆ ಮುಚ್ಚಳದ ಜೊತೆಗೇ, ಎಂದಳು.

"ಅದೇ ನೋಡಿ ಮಾಡಬಾರದ್ದು. ಮೊದ್ಲು ಒಲೆ ಹಚ್ಬೇಕು. ಕೊಳವೆಯಿಂದ ಹಬೆ ನೆಟ್ಟಗೆ ಎದ್ದು ಬರೋದನ್ನ ಕಣ್ಣಾರೆ ನೋಡ್ಬೇಕು, ಆಮೇಲೆ ವೇಟು. ಹಬೆ ಬರ್ಲಿಲ್ಲ ಅಂದ್ರೆ ಒಳಗೇನೋ ತಪ್ಪಾಗಿದೆ ಅಂತ ಅದೇ ಹೇಳುತ್ತೆ. ನೀವು ಮೊದಲೇ ಅದರ ಬಾಯಿಗೆ ಬಿರಡೆ ಹಾಕಿಟ್ರೆ ಅದು ಏನಂತ ಹೇಳೀತು?"

ಬಸ್ಸಿನಲ್ಲಿ ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಎಲ್ಲವೂ ಒಂದೊಂದಾಗಿ ನೆನಪಿಗೆ ಬಂತು. ಎರಡನೆಯ ಸಲ ಸೀದದ್ದು ಎರಡು ಪಾಳಿ ಮಾಡಿದ ಮರುದಿನ. ಅಂದು ಬೆಳಿಗ್ಗೆ ತಂಬಿಗೆಗೆ ನೀರು ತುಂಬಿದ್ದು ನೆನಪಿತ್ತು. ಸುರಿದದ್ದು ನೆನಪಿಗೆ ಬರಲಿಲ್ಲ. ಸಂಜೆ ಬಂದಾಗ, ಹೊಗೆ ಹಿಡಿದ ಗೋಡೆಯ ಕೆಳಗೆ, ಆ ತಂಬಿಗೆ ತುಂಬಿದ್ದು ತುಂಬಿದ ಹಾಗೆಯೇ ಕೂತಿತ್ತು. ಯಾರಿಟ್ಟರೋ ಇದನ್ನು ಎಂದುಕೊಂಡು ತಾನೇ ಅದನ್ನು ಬಕೆಟ್ಟಿಗೆ ಬಗ್ಗಿಸಿದ್ದಳು. ಮೊದಲ ಸಲದ್ದು ಏನೂ ಹೊಳೆಯಲಿಲ್ಲ; ಅದೂ ಎರಡು ಪಾಳಿಯ ಮರುದಿನವೇ ಎಂಬುದಷ್ಟೇ ಹೊಳೆಯಿತು.

ಅಂದೇ ಹೇಳಿಬಿಡಬೇಕೆಂದು ಮನೆಗೆ ಬಂದಳು. ಗಂಡ ದಾರಿಯಲ್ಲಿದ್ದ. ಅತ್ತೆ ಆಗಲೇ ಮಲಗಿದ್ದರು. ನಾಳೆ ಎಂದುಕೊಂಡಳು. ಗುರುವಾರ ಮತ್ತೆ ಎರಡು ಪಾಳಿ. ಕಾಲು ಊದಿಕೊಂಡು ಚಪ್ಪಲಿಯೊಳಗೆ ಹಿಡಿಯುತ್ತಿರಲಿಲ್ಲ. ತಪ್ಪೊಪ್ಪಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕೆಂಬುದು ಆಗ ಅವಳಿಗೆ ತಿಳಿಯಿತು. ಕಸುವಿನ ನೆಪದ ಹಿಂದೆ ಇನ್ನೊಂದು ಯೋಚನೆಯೂ ಅಡಗಿ ಕೂತಿತ್ತು, ಅದನ್ನು ಅವಳು ತನ್ನಿಂದಲೂ ಮುಚ್ಚಿಡಲಾಗಲಿಲ್ಲ. ಅತ್ತೆ ಹೋದರೆ ಒಬ್ಬರ ಊಟ, ಒಬ್ಬರ ಬಟ್ಟೆ, ಒಬ್ಬರ ಮಾತ್ರೆಯ ಹೊತ್ತು ಕಡಿಮೆಯಾಗುತ್ತದೆ. ನಾಲ್ಕೂವರೆಗೆ ಏಳುವವಳು ಐದೂಕಾಲಿಗೆ ಎದ್ದರೆ ಸಾಕು. ಆ ಮುಕ್ಕಾಲು ಗಂಟೆಯ ನಿದ್ದೆಯನ್ನು ನೆನೆದರೆ ಅವಳ ಬಾಯಲ್ಲಿ ನೀರೂರುತ್ತಿತ್ತು.

ಶುಕ್ರವಾರ ಸಂಜೆ ಅತ್ತೆಯ ಕೋಣೆಯಿಂದ ಗುನುಗುವ ಸದ್ದು ಕೇಳಿಸಿತು. ಬಾಗಿಲ ಬಳಿ ನಿಂತು ಕಿವಿಗೊಟ್ಟಳು. ಅತ್ತೆ ಗೋಡೆಗೆ ಮುಖ ಮಾಡಿ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಹದಿನೇಳು ಒಂಬತ್ತಲ ನೂರ ಐವತ್ತಮೂರು ಎಂದು ನಿಲ್ಲಿಸಿ, ಸರಿಯೋ ತಪ್ಪೋ ಎಂದು ಅನುಮಾನ ಬಂದು, ಬೆರಳು ಮಡಿಚಿ ಎಣಿಸಿ, ಮತ್ತೆ ಮೊದಲಿನಿಂದ ಹಿಡಿದರು. ಮಗ್ಗಿ ಮುಗಿದ ಮೇಲೆ ಬೀದಿಯ ಮನೆಗಳವರ ಹೆಸರನ್ನು ಸಾಲಾಗಿ ಹೇಳತೊಡಗಿದರು. ತನ್ನ ತಲೆ ಇನ್ನೂ ತನ್ನ ಕೈಯಲ್ಲಿದೆಯೇ ಎಂದು ಆ ಮುದಿ ಜೀವ ತನಗೆ ತಾನೇ ಪರೀಕ್ಷೆ ಕೊಡುತ್ತಿತ್ತು. ಸೊಸೆ ಸದ್ದಿಲ್ಲದೆ ಹಿಂದಕ್ಕೆ ಸರಿದಳು. ಶನಿವಾರವೂ ಹೇಳಲಿಲ್ಲ, ಶನಿವಾರವೂ ಮಗ್ಗಿ ಕೇಳಿಸಿತು.

ಭಾನುವಾರ ಹತ್ತಕ್ಕೆ ಅತ್ತಿಗೆ ಬಂದರು. ಕೂತ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿಯದೆಯೇ, ಮಾತ್ರೆಗಳೆಲ್ಲಿ, ಕನ್ನಡಕವೆಲ್ಲಿ, ಚೀಟಿಗಳೆಲ್ಲಿ ಎಂದು ವಿಚಾರಿಸತೊಡಗಿದರು. ಅಂದಿಗೆ ರಜೆ ಹಾಕಿದ್ದ ಗಂಡ ಪೆಟ್ಟಿಗೆಯನ್ನು ಬಾಗಿಲವರೆಗೆ ತಂದಿಟ್ಟ. ಅತ್ತೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರು. ಆ ಬಗ್ಗಿದ ಬೆನ್ನನ್ನು ನೋಡಿ ಸೊಸೆಗೆ ಇನ್ನು ತಡೆಯಲಾಗಲಿಲ್ಲ.

"ಅತ್ತೆಯದ್ದೇನೂ ತಪ್ಪಿಲ್ಲ ಅತ್ತಿಗೆ. ಕುಕ್ಕರಿಗೆ ನೀರು ಹಾಕದೆ ಮುಚ್ಚಿಟ್ಟು ಹೋದೋಳು ನಾನು. ಎರಡು ಸಲವೂ."

ರಿಪೇರಿಯವನು ಹೇಳಿದ್ದನ್ನು, ತುಂಬಿದ ತಂಬಿಗೆಯನ್ನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆದರೆ ಅವಳೆಣಿಸಿದಂತೆ ಯಾರೂ ಬೈಯಲಿಲ್ಲ. ಯಾರೂ ನಂಬಲಿಲ್ಲ.

ಅತ್ತಿಗೆ ನಕ್ಕರು. "ಹಗಲೆಲ್ಲ ಮನೆ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲಮ್ಮ ನಿಂಗೆ. ಅದಕ್ಕೆ ಇಷ್ಟು ದೊಡ್ಡ ಕತೆ ಯಾಕೆ?"

ಅದಕ್ಕಿಂತ ನೋವಾದದ್ದು ಅತ್ತೆಯ ಮಾತಿನಿಂದ. ಅವರು ಚಪ್ಪಲಿ ಮೆಟ್ಟಿದ ಕಾಲಿನಲ್ಲಿಯೇ ನಿಂತು, ನನ್ನ ಮೇಲಿನ ಕನಿಕರಕ್ಕೆ ಸುಳ್ಳು ಹೇಳಬೇಡ, ನನಗೆ ಕಿವಿ ಮಂದವಾಗಿರುವುದು ನನಗೇ ಗೊತ್ತು, ಎಂದು ಮೆಲ್ಲಗೆ ಹೇಳಿದರು. ಮೂರು ವಾರ ಎಲ್ಲರೂ ಸೇರಿ ಅವರನ್ನು ಅಷ್ಟರಮಟ್ಟಿಗೆ ನಂಬಿಸಿದ್ದರು.

ಸೊಸೆ ಗಂಡನ ಕಡೆ ತಿರುಗಿದಳು. "ರೀ, ಬೆಂಕಿಪೆಟ್ಟಿಗೆ ಇಳಿಸಿ."

ಆಮೇಲೆ ಅವಳು ಯಾರ ಒಪ್ಪಿಗೆಗೂ ಕಾಯಲಿಲ್ಲ. ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಳಕ್ಕೆ ಎರಡು ಲೋಟ ನೀರು ಸುರಿದು ತೋರಿಸಿದಳು. ಅಕ್ಕಿ, ಕಾಳಿನ ಪಾತ್ರೆಗಳನ್ನಿಟ್ಟು ಮುಚ್ಚಳ ಬಿಗಿದು ಒಲೆ ಹಚ್ಚಿದಳು. ಕೊಳವೆಯಿಂದ ಹಬೆ ಬಿಳಿ ದಾರದಂತೆ ಎದ್ದ ಮೇಲೆ ವೇಟನ್ನು ಕೂರಿಸಿದಳು. ಅತ್ತೆ, ಅತ್ತಿಗೆಯರಿಬ್ಬರನ್ನೂ ಹೊರಕೋಣೆಯಲ್ಲಿ ಕೂರಿಸಿ, ಎಣಿಸಿ ಎಂದು ಹೇಳಿ, ನಡುವಿನ ಬಾಗಿಲು ಹಾಕಿದ್ದಳು. ಮೂರಕ್ಕೇ ಆರಿಸಿದರೆ, ಅಮ್ಮ ಕೇಳಿ ಅಲ್ಲ, ರೂಢಿಯಿಂದ ಮೂರೆಂದರು ಎಂದು ಅತ್ತಿಗೆ ಅಂದಾರೆಂದು, ನಾಲ್ಕಕ್ಕೆ ಆರಿಸಿ, ಬಾಗಿಲು ತೆರೆದಳು.

"ಮೂರು," ಎಂದರು ಅತ್ತಿಗೆ.

"ನಾಲ್ಕು," ಎಂದರು ಅತ್ತೆ. "ಎರಡನೇದು ಪೂರ್ತಿ ಕೂಗ್ಲಿಲ್ಲ, ಅರ್ಧಕ್ಕೇ ನಿಂತ್ಕೊಳ್ತು. ಆಗ ನೀನು ಮಾತಾಡ್ತಿದ್ದೆ."

ಗಂಡ ಒಲೆಯ ಬಳಿಯಿಂದಲೇ ಹೌದೆಂದು ತಲೆಯಾಡಿಸಿದ. ಎರಡನೆಯ ಕೂಗು ಎದ್ದು ನಡುವೆಯೇ ಅಡಗಿದ್ದನ್ನು ಅವನೂ ಕಂಡಿದ್ದ. ಅಕ್ಕನ ಮುಖ ನೋಡಿ, ಇನ್ಸ್‌ಪೆಕ್ಟರ ಕಿವಿಗೂ ಒಂದು ವಾಲ್ವು ಬದಲಾಯಿಸಬೇಕೇನೋ ಎಂದ. ಆ ಹೆಸರನ್ನು ಅಕ್ಕನ ಎದುರಿಗೇ ಆಡಿದ್ದು ಅದೇ ಮೊದಲು. ಅತ್ತಿಗೆ ಕೇಳಿಸದವರಂತೆ ಎದ್ದು ಅಡುಗೆಮನೆಗೆ ಬಂದು, ತಡವಾಯಿತೆಂದು ಚಮಚದಿಂದ ವೇಟನ್ನು ಎತ್ತಲು ಹೋದರು.

"ಕೈ ತೆಗಿ," ಎಂದರು ಅತ್ತೆ ಹಿಂದಿನಿಂದ. "ಒಳಗಿನ ಹಬೆ ತಾನಾಗಿ ಇಳೀಲಿ. ಮುಖ ಸುಟ್ಕೊಂಡು ಹೋಗಿ ಮಕ್ಕಳಿಗೆ ಏನು ಪಾಠ ಹೇಳ್ತೀಯ?"

ಆ ದನಿ ಮೂರು ವಾರದಿಂದ ಆ ಮನೆಯಲ್ಲಿ ಕೇಳಿಸಿರಲಿಲ್ಲ. ಅತ್ತಿಗೆ ಕೈ ಹಿಂದೆಳೆದುಕೊಂಡರು. ಕಾಲು ಗಂಟೆ ನಾಲ್ವರೂ ಕುಕ್ಕರಿನ ಸುತ್ತ ದಣಿದ ಪ್ರಯಾಣಿಕರಂತೆ ನಿಂತಿದ್ದರು. ಊಟವಾದ ಮೇಲೆ ಅತ್ತಿಗೆ ಒಬ್ಬರೇ ಹೊರಟರು. ಹೊರಡುವಾಗ, ಎರಡೆರಡು ಪಾಳಿ ಬಿಡು, ಇಲ್ಲದಿದ್ದರೆ ಮುಂದಿನ ಸಲ ನಿನ್ನನ್ನೇ ಕರೆದುಕೊಂಡು ಹೋಗುತ್ತೇನೆ, ಎಂದು ಎಂದಿನ ಗಡಸಿನಲ್ಲಿಯೇ ಹೇಳಿದರು. ಗಂಡ ಅವರನ್ನು ಬಸ್ಸಿಗೆ ಬಿಡಲು ಹೋದ.

ಮನೆಯಲ್ಲಿ ಇಬ್ಬರೇ ಉಳಿದಾಗ ಅತ್ತೆ ಕೇಳಿದರು:

"ನಿಂಗೆ ಎಂದಿನಿಂದ ಗೊತ್ತಿತ್ತು?"

ಸುಳ್ಳು ಹೇಳಬಹುದಿತ್ತು. "ಬುಧವಾರದಿಂದ," ಎಂದಳು ಸೊಸೆ.

ಅತ್ತೆ ಆ ಮುರಿದ ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಮುಟ್ಟಿಸುತ್ತ ಎಣಿಸಿದರು. "ಬುಧ, ಗುರು, ಶುಕ್ರ, ಶನಿ." ಆಮೇಲೆ, "ನಾನು ಮಗ್ಗಿ ಹೇಳ್ಕೊಳ್ತಿದ್ದದ್ದು ಕೇಳಿಸ್ತಿತ್ತಾ?" ಎಂದರು.

"ಕೇಳಿಸ್ತಿತ್ತು."

ಸುಸ್ತಾಗಿತ್ತು ಅತ್ತೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನಿಜವೇ ಆಗಿದ್ದರೂ ಅದನ್ನು ಹೇಳಲು ಅವಳಿಗೆ ಮುಖವಿರಲಿಲ್ಲ. ಅತ್ತೆಯೂ ಕಾರಣ ಕೇಳಲಿಲ್ಲ. ಅಂಗೈ ಚಾಚಿ, ಆ ವೇಟು ಕೊಡು ಇಲ್ಲಿ, ಎಂದರು. ತೊಳೆದಿಟ್ಟಿದ್ದ ವೇಟನ್ನು ಸೊಸೆ ಒರೆಸಿ ಕೊಟ್ಟಳು. ಅತ್ತೆ ಕನ್ನಡಕವನ್ನು ಮೂಗಿಗೇರಿಸಿ, ಖಾಲಿಯಾದ ಕನ್ನಡಕದ ಡಬ್ಬಿಯಲ್ಲಿ ಅದನ್ನಿಟ್ಟು ಮುಚ್ಚಿದರು.

"ನೀನು ಮುಚ್ಚಳ ಹಾಕಿಟ್ಟು ಹೋಗು. ಹಬೆ ಬಂದ್ಮೇಲೆ ಇದನ್ನ ಇಡೋಳು ನಾನು."

ಅಷ್ಟು ಹೇಳಿ, ಬಾಗಿಲಲ್ಲಿದ್ದ ಪೆಟ್ಟಿಗೆಯನ್ನು ತಾವೇ ನೂಕಿಕೊಂಡು ಕೋಣೆಗೆ ಒಯ್ದು, ಮಡಿಸಿದ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಕಪಾಟಿಗೆ ಜೋಡಿಸತೊಡಗಿದರು. ಸೊಸೆ ಹಿಂದೆಯೇ ಹೋಗಿ ಕೈಹಾಕಲು ಬಗ್ಗಿದಳು. ಬೇಡ, ಎಂದರು ಅತ್ತೆ, ತಿರುಗಿ ನೋಡದೆ. ಹೋಗಿ ಮಲಗು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಕಾಲು ಸೋಲುತ್ತಿದ್ದರೂ, ಕೊನೆಯ ಬಟ್ಟೆ ಕಪಾಟು ಸೇರುವವರೆಗೆ ಅವಳು ಹೊಸಿಲ ಬಳಿ ನಿಂತೇ ಇದ್ದಳು.