ಭಾನುವಾರದ ರೋಸ್ಟು, ಸೋಮವಾರದ ಕಿಟಕಿ

ಈ ದೇಶದವರು ಭಾನುವಾರದ ರೋಸ್ಟ್ ಬೀಫ್ ಉಳಿದರೆ ಸೋಮವಾರ ಅದನ್ನು ತಣ್ಣಗೇ ಕೊಯ್ದು, ಬ್ರೆಡ್ಡಿನ ನಡುವೆ ಇಟ್ಟು, ಸಾಸಿವೆ ಬಳಿದು ತಿಂದು ಮುಗಿಸುತ್ತಾರೆ. ಅಂಥ ಒಳ್ಳೆಯ ಮಾಂಸಕ್ಕೆ ಅಂಥ ಗತಿ ಬರಬಾರದು. ರೋಸ್ಟ್ ಮಾಡುವುದನ್ನು ನನಗೆ ಕಲಿಸಿದವಳು ನನ್ನ ವಾರ್ಡಿನ ಹಿರಿಯ ನರ್ಸ್ ಮಾರ್ಗರೆಟ್. ಉಳಿದದ್ದನ್ನು ಏನು ಮಾಡಬೇಕೆಂದು ಅವಳಿಗೆ ಕಲಿಸಿದವಳು ನಾನು.

ಆಸ್ಪತ್ರೆಯ ಕೆಲಸ ಮುಗಿಸಿ ನಗರದಂಚಿನ ತಕಾನಿನಿ ಬಡಾವಣೆಯ ಮನೆ ಸೇರುವ ಹೊತ್ತಿಗೆ ಕಾಲುಗಳು ಸೋತುಹೋಗಿರುತ್ತವೆ. ಹಸಿ ಮಾಂಸ ಬೇಯಿಸುತ್ತ ನಿಲ್ಲುವ ತ್ರಾಣ ಯಾರಿಗಿದೆ? ರೋಸ್ಟ್ ಆಗಲೇ ಬೆಂದಿದೆ. ಅದನ್ನು ಬೆರಳುದ್ದಕ್ಕೆ ಸೀಳಿಟ್ಟುಕೊಂಡು, ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊಬ್ಬರಿ ಚೂರು ಬಾಡಿಸಿ, ಮಾಂಸ ಹಾಕಿ ಹುರಿದು, ಆಗ ತಾನೇ ಕುಟ್ಟಿದ ಮೆಣಸು ಉದುರಿಸಿದರೆ ಸೋಮವಾರದ ಊಟ. ಅನ್ನ ಆಗುವ ಮೊದಲೇ ಬಾಡು ಸಿದ್ಧ. ಮಂಗಳವಾರ ಅದೇ ಚಪಾತಿಯೊಳಗೆ. ಬುಧವಾರ ತಳದ ಚೂರುಪಾರಿಗೆ ಹುಣಸೆಹುಳಿ ಬಿಟ್ಟು ಸಾರು. ನನ್ನ ಅವ್ವ ಒಣಗಿಸಿಟ್ಟ ಬಾಡನ್ನು ಹೀಗೇ ಹುರಿಯುತ್ತಿದ್ದಳು. ಓವನ್ ಒಂದು ಬಿಟ್ಟರೆ ಇದರಲ್ಲಿ ವಿದೇಶದ್ದು ಏನೂ ಇಲ್ಲ.

ಆದರೆ ಬಾಣಲೆಗೆ ಮೆಣಸು ಬಿದ್ದ ತಕ್ಷಣ ನನ್ನ ಗಂಡ ಧನಂಜಯ ಎಲ್ಲಿದ್ದರೂ ಎದ್ದು ಬರುತ್ತಿದ್ದ. ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದ, ಊದುಬತ್ತಿ ಹಚ್ಚಿ ಬಾಗಿಲ ಬಳಿ ಸಿಕ್ಕಿಸುತ್ತಿದ್ದ. ಪಕ್ಕದ ಮನೆಯವರು ಟೋಂಗಾ ದ್ವೀಪದವರು, ಹಬ್ಬ ಬಂದರೆ ಹಿತ್ತಲಲ್ಲಿ ಇಡೀ ಹಂದಿ ಸುಡುತ್ತಾರೆ. ಆ ಬೀದಿಯಲ್ಲಿ ಮೂಗು ಮುರಿಯುವ ಒಂದು ನರಪಿಳ್ಳೆಯೂ ಇಲ್ಲ. ಆದರೂ ಮುಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ವ್ಯತ್ಯಾಸ ಇಷ್ಟೇ, ನಾವು ಕುಂಬಳಕಾಯಿ ಕದ್ದಿರಲಿಲ್ಲ.

ಕಾರಣ ನನಗೆ ಗೊತ್ತಿಲ್ಲದ್ದಲ್ಲ. ನಾವಿಬ್ಬರೂ ಮೈಸೂರಿನ ಅಶೋಕಪುರಂನಲ್ಲಿ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಮದುವೆಯಾದ ಮೇಲೂ ನಮ್ಮ ನಡುವೆ ಬಹುವಚನ ಬರಲಿಲ್ಲ. ಮೈಸೂರಿನವರು ಪ್ರಪಂಚದ ಯಾವ ಮೂಲೆಯಲ್ಲಿ ಸಿಕ್ಕರೂ ಎರಡನೇ ಮಾತಿಗೆ "ಮೈಸೂರಲ್ಲಿ ಯಾವ ಕಡೆ?" ಅನ್ನುತ್ತಾರೆ. ಅದು ಬೀದಿಯ ವಿಚಾರಣೆಯಲ್ಲ, ಜಾತಿಯ ವಿಚಾರಣೆ. ಅಶೋಕಪುರಂ ಅಂದರೆ ದಲಿತರ ಬಡಾವಣೆ ಎಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಧನಂಜಯ "ಜಯನಗರದ ಹತ್ತಿರ" ಅನ್ನುತ್ತಿದ್ದ. ಸುಳ್ಳೂ ಅಲ್ಲ, ಹತ್ತಿರವೇ. ನಾನು ಪಕ್ಕದಲ್ಲಿ ನಿಂತು ತುಟಿ ಬಿಗಿದುಕೊಳ್ಳುತ್ತಿದ್ದೆ.

ಒಂದು ವರ್ಷ ಅಕ್ಟೋಬರಿನ ಒಂದು ಸೋಮವಾರ ಅವನು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ನಾನು ಮೆಣಸು ಕುಟ್ಟುತ್ತಿದ್ದೆ. ಎಂಟು ವರ್ಷದ ಮಗಳು ಅಪೇಕ್ಷಾ ಸ್ಟೂಲು ಎಳೆದುಕೊಂಡು ಬಂದು, ಹತ್ತಿ, ಕಿಟಕಿ ಮುಚ್ಚಿದಳು. ಇಳಿದು ಊದುಬತ್ತಿಯ ಪೊಟ್ಟಣ ಹುಡುಕತೊಡಗಿದಳು.

"ಯಾಕೆ ಪುಟ್ಟ?" ಅಂದೆ.

"ಸೋ ನೋಬಡಿ ನೋಸ್," ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಯಾರಿಗೂ ಗೊತ್ತಾಗಬಾರದಂತೆ.

ಏನು ಗೊತ್ತಾಗಬಾರದು, ಯಾಕೆ ಗೊತ್ತಾಗಬಾರದು, ಒಂದೂ ಅವಳಿಗೆ ತಿಳಿಯದು. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ಕಲಿತದ್ದು. ಕಡಲು ದಾಟಿ ಬಂದು, ಹೊಸ ಮನೆ ಕಟ್ಟಿಸಿಕೊಂಡು, ಮಗಳ ಕೈಗೆ ನಾವು ಕೊಟ್ಟದ್ದು ಇದನ್ನೇ? ಅವತ್ತು ಅನ್ನ ತಳ ಹಿಡಿಯಿತು.

ಅದೇ ವಾರ ಜಯಲಕ್ಷ್ಮಿ ಆಂಟಿ ಫೋನ್ ಮಾಡಿದರು. ಅವರ ಯಜಮಾನರು ವಾಸುದೇವ್ ಅಂಕಲ್ ನಮ್ಮ ಕನ್ನಡ ಕೂಟದ ಅಧ್ಯಕ್ಷರು. ಆಂಟಿ ಭಾನುವಾರ ನಗರದ ಇನ್ನೊಂದು ಬಡಾವಣೆ ಮೌಂಟ್ ರಾಸ್ಕಿಲ್‌ನಲ್ಲಿ ಮಕ್ಕಳಿಗೆ ಡಾನ್ಸ್ ಹೇಳಿಕೊಡುತ್ತಾರೆ. ಅಪೇಕ್ಷಾ ಅದಕ್ಕೆಂದೇ ಶನಿವಾರ ಬೇಗ ಮಲಗುವಷ್ಟು ಅದರ ಹುಚ್ಚು.

"ರಾಜ್ಯೋತ್ಸವದ ದಿನ ನಾಲ್ಕು ಜನ ಹೆಂಗಸ್ರು ಕೆಲಸದ ದಿನಕ್ಕೆ ಆಗೋ ದಿಢೀರ್ ಅಡುಗೆ ಮಾಡಿ ತೋರ್ಸೋದು ಅಂತ ಹಂಸಾ. ನಿನ್ನ ಹೆಸರು ಹಾಕ್ಬಿಟ್ಟಿದೀನಿ. ಚಿಕನ್ ಮಾಡಿದ್ರೂ ಪರವಾಗಿಲ್ಲ, ಆ ಟೇಬಲ್ ಬೇರೆ ಇಟ್ಟಿರ್ತೀವಿ."

"ನಮ್ಮನೇಲಿ ದಿಢೀರ್ ಅಂದ್ರೆ ಉಳಿದಿರೋ ರೋಸ್ಟ್ ಬೀಫ್ ಆಂಟಿ. ಅದನ್ನೇ ಮಾಡ್ತೀನಿ."

ಫೋನಿನಾಚೆ ಕುರ್ಚಿ ಎಳೆದ ಸದ್ದಾಯಿತು.

"ಅದು... ಅಣಬೇಲಿ ಮಾಡಿದ್ರೂ ಅದೇ ರುಚಿ ಬರತ್ತಲ್ವಾ?"

"ಬರಲ್ಲ ಆಂಟಿ."

"ನಂಗೇನೂ ಇಲ್ಲಮ್ಮ. ಬೇರೆಯೋರು ಏನಂತಾರೋ ಅಂತ. ಕಮ್ಯುನಿಟಿ ಹಾಲ್ ಅಡುಗೆಮನೆ, ಪಾತ್ರೆ... ಮಾಡ್ಬೇಡ ಅಂತ ನಾನು ಹೇಳ್ತಿಲ್ಲ." ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

"ಪಾತ್ರೆ ನಂದೇ ತರ್ತೀನಿ, ಒಲೆನೂ ನಂದೇ. ಅಡುಗೆಮನೆ ಒಳಗೆ ಬರಲ್ಲ. ಹೊರಗಡೆ ಪಾರ್ಕಲ್ಲಿ ಟೇಬಲ್ ಇದ್ಯಲ್ಲ, ಅದು ಎಲ್ಲಾರ್ದು."

ಧನಂಜಯನಿಗೆ ಹೇಳಿದಾಗ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು.

"ನಿಂಗೆ ತಲೆ ನೆಟ್ಟಗಿದ್ಯಾ? ಅಪೇಕ್ಷಾನ ಡಾನ್ಸಿಂದ ತೆಗೆದ್ಬಿಟ್ರೆ ಏನ್ ಮಾಡ್ತೀಯ? ಇರೋ ನಾಲ್ಕು ಜನದ ಬಾಗ್ಲೂ ಮುಚ್ಕೊಳುತ್ತೆ."

"ಅವ್ರು ಬಾಗ್ಲು ಮುಚ್ಚೋದು ಆಮೇಲಿನ ಮಾತು. ನಮ್ಮ ಕಿಟಕಿ ಯಾರು ಮುಚ್ಚಿದ್ರು ಗೊತ್ತಾ ಸೋಮವಾರ?" ಅಂದು, ಸ್ಟೂಲಿನ ಕತೆ ಹೇಳಿದೆ.

ಅವನು ತಟ್ಟೆ ಸರಿಸಿ ಎದ್ದು ಕೈ ತೊಳೆದ. ಕೊನೆಗೆ, "ನಾನು ಕಾರಲ್ಲೇ ಕೂತಿರ್ತೀನಿ," ಅಂದ. ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ರಾಜ್ಯೋತ್ಸವದ ದಿನ ಬಿಸಿಲು ಚೆನ್ನಾಗಿತ್ತು. ಕಮ್ಯುನಿಟಿ ಹಾಲ್ ಪಕ್ಕದ ಪಾರ್ಕಿನಲ್ಲಿ ನಾನು ಕ್ಯಾಂಪಿಂಗ್ ಗ್ಯಾಸ್ ಒಲೆ ಜೋಡಿಸುವಾಗ, ಅಲ್ಲಿನ ಸಾರ್ವಜನಿಕ ಕರೆಂಟಿನ ಬಾರ್ಬೆಕ್ಯೂ ಒಲೆಯ ಮುಂದೆ ವಾಸುದೇವ್ ಅಂಕಲ್ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ಕೂಟದ ನಿಧಿಗೆಂದು ವರ್ಷವರ್ಷವೂ ಕೋಳಿಮಾಂಸದ ಸಾಸೇಜ್ ಸುಡುವುದು ಅವರ ಸೇವೆ. ಅದರ ಕಬ್ಬಿಣದ ಹಲಗೆಯ ಮೇಲೆ ಫಾಯಿಲ್ ಹಾಸಿದ್ದರು.

"ಯಾರ್ಯಾರು ಏನೇನು ಸುಟ್ಟಿರ್ತಾರೋ, ಮೈಲಿಗೆ," ಅಂದರು, ನನ್ನ ಡಬ್ಬಿಯನ್ನು ನೋಡಿಯೂ ನೋಡದವರಂತೆ. ತಾವೂ ಒಂದು ಸಾಸೇಜನ್ನು ಬ್ರೆಡ್ಡಿನಲ್ಲಿ ಸುತ್ತಿ ಬಾಯಿಗಿಟ್ಟರು.

ಖಾಲಿ ಪ್ಯಾಕೆಟ್ಟುಗಳು ನನ್ನ ಕಾಲ ಬಳಿಯ ಬುಟ್ಟಿಯಲ್ಲಿದ್ದವು. ಮೇಲಿನದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು, ಬೀಫ್ ಎಂದು. ಬಣ್ಣ ಬಿಳಿಚಿಕೊಂಡಿದ್ದರೆ ಅದು ಕೋಳಿ ಎಂದು ನಮ್ಮವರ ಲೆಕ್ಕ. ಪ್ಯಾಕೆಟ್ಟನ್ನು ಎತ್ತಿ ಎಲ್ಲರ ಮುಂದೆ ಬೀಸಬೇಕೆಂದು ನನ್ನ ಕೈ ತುರಿಸಿತು. ನಿಜ ಹೇಳುತ್ತೇನೆ, ಬಹಳ ತುರಿಸಿತು. ಆದರೆ ಅವರು ತಿಂದರೆಂದು ನನ್ನ ಊಟ ಸರಿಯಾಗಬೇಕಿಲ್ಲ, ಅದು ಮೊದಲೇ ಸರಿಯಾಗಿದೆ. ಹಾಗೆಂದು ಬೇಡ ಎನ್ನುವವರ ಬಾಯಿಗೆ ಗೊತ್ತಿಲ್ಲದೆ ಬೀಳುವುದನ್ನು ನೋಡುತ್ತ ನಿಲ್ಲುವವಳೂ ನಾನಲ್ಲ. ಹತ್ತಿರ ಹೋಗಿ ಮೆಲ್ಲಗೆ, "ಅಂಕಲ್, ಇದನ್ನೊಂದು ಸಲ ಓದಿ," ಎಂದು ಕೈಗೆ ಕೊಟ್ಟೆ.

ಓದಿದರು. ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒಂದು ಗಳಿಗೆ ನಿಂತರು. ಆಮೇಲೆ ಪ್ಯಾಕೆಟ್ಟನ್ನು ಮಡಿಸಿ ಏಪ್ರನ್ನಿನ ಜೇಬಿಗೆ ತುರುಕಿಕೊಂಡರು.

"ಹಂಸಾ, ಯಾರಿಗೂ ಗೊತ್ತಾಗೋದು ಬೇಡಮ್ಮ," ಅಂದರು.

ನನ್ನ ಮಗಳ ಮಾತು, ಅಧ್ಯಕ್ಷರ ಬಾಯಲ್ಲಿ.

"ನಾನು ನಂದು ಮಾತ್ರ ಹೇಳ್ಕೋತೀನಿ ಅಂಕಲ್. ನಿಮ್ದು ನೀವು ಹೇಳ್ಕೊಳ್ಳಿ. ಆದ್ರೆ ಇನ್ನು ಯಾರಿಗೂ ಕೊಡ್ಬೇಡಿ."

ಅವರು ಬಾರ್ಬೆಕ್ಯೂ ಆರಿಸಿದರು. ಕೈಯಲ್ಲಿ ಬ್ರೆಡ್ಡು ಹಿಡಿದು ಕಾಯುತ್ತಿದ್ದವರಿಗೆ, "ಕೆಟ್ಟೋಯ್ತು ಕಣ್ರೀ, ಕರೆಂಟೇ ಬರ್ತಿಲ್ಲ," ಅಂದರು.

ಕಾಯುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಒಳಗಿನಿಂದ ಜಯಲಕ್ಷ್ಮಿ ಆಂಟಿಯೂ ಬಂದು ಸ್ವಲ್ಪ ದೂರದಲ್ಲಿ ನಿಂತರು. ಅಪೇಕ್ಷಾ ಡಾನ್ಸಿನ ಉಡುಪಿನಲ್ಲಿ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು, ಅವರ ಪಕ್ಕದಲ್ಲಿದ್ದಳು.

"ಇದು ನಿನ್ನೆ ಮಾಡಿ ಉಳಿದ ರೋಸ್ಟ್ ಬೀಫ್," ಅಂದೆ. ಮಾತು ಗಟ್ಟಿಯಾಗಿಯೇ ಬಂತು. "ಬೇಡದೋರು ದೂರ ನಿಂತ್ಕೊಳ್ಳಿ, ನಂಗೆ ಬೇಜಾರಿಲ್ಲ. ಮಾಂಸ ಬೆಂದಿರೋದ್ರಿಂದ ಹುರಿಯೋದಷ್ಟೇ ಕೆಲಸ. ನಮ್ಮವ್ವ ಮಾಡ್ತಿದ್ದಿದ್ದೇ ಹೀಗೆ." ಎಣ್ಣೆ ಕಾದಿತ್ತು. ಕರಿಬೇವು ಹಾಕಿದೆ, ಚಟಪಟ ಅಂದಿತು. ಮಾಂಸ ಹಾಕಿ, ಮೆಣಸು ಉದುರಿಸಿದೆ. ಗಾಳಿ ಹಾಲ್ ಕಡೆಗೇ ಬೀಸುತ್ತಿತ್ತು. ನಾನೇನು ಮಾಡಲಿ.

ಜಯಲಕ್ಷ್ಮಿ ಆಂಟಿ ನಿಧಾನವಾಗಿ ಕೇಳಿದರು. "ನೀವು ಮೈಸೂರಲ್ಲಿ ಯಾವ ಕಡೆ ಅಂದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಉತ್ತರ ಬಂತು. "ಅಶೋಕಪುರಂ ಆಂಟಿ. ಇಬ್ರೂ."

ಧನಂಜಯ. ಕಾರಿನ ಕೀಲಿಗೊಂಚಲು ಇನ್ನೂ ಬೆರಳಲ್ಲೇ ಇತ್ತು.

"ಜಯನಗರದ ಹತ್ತಿರ ಅಂದಿದ್ರಲ್ಲ?"

"ಹತ್ತಿರಾನೇ ಆಂಟಿ. ಆದ್ರೆ ನಾವು ಅಲ್ಲಿಯೋರಲ್ಲ."

ಪೇಪರ್ ತಟ್ಟೆ ತೆಗೆದುಕೊಂಡು ನನ್ನ ಮುಂದೆ ಚಾಚಿದ. ತುಂಬ ಬಡಿಸಿದೆ. ಅವನು ಎಲ್ಲರ ಎದುರಿಗೆ, ನಿಂತುಕೊಂಡೇ, ಕೈಯಲ್ಲಿ ತಿಂದ. ಮತ್ತಿಬ್ಬರು ಮುಂದೆ ಬಂದು ತಟ್ಟೆ ಹಿಡಿದರು. ಉಳಿದವರು ಒಳಗೆ ಹೋದರು. ಯಾರೋ ಹಾಲ್ ಕಿಟಕಿಗಳನ್ನು ಒಂದೊಂದಾಗಿ ಎಳೆದುಕೊಂಡರು. ಅಪೇಕ್ಷಾ ಆ ಕಿಟಕಿಗಳನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು.

ಡಾನ್ಸಿಗೆ ಬರಬೇಡ ಎಂದು ಆಂಟಿ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಮರುದಿನ, ಭಾನುವಾರ, ನಾನೇ ಅಪೇಕ್ಷಾಳನ್ನು ಕರೆದೊಯ್ದು ಒಳಗೆ ಕಳಿಸಿದೆ. ಕ್ಲಾಸು ಮುಗಿಯುವವರೆಗೂ ಬಾಗಿಲಲ್ಲೇ ಕೂತಿದ್ದೆ. ಹೊರಗೆ ಕಳಿಸುವುದಾದರೆ ನನ್ನ ಮುಖ ನೋಡಿ ಹೇಳಿ ಕಳಿಸಲಿ ಎಂದು. ಯಾರೂ ಹೇಳಲಿಲ್ಲ.

ಸೋಮವಾರ ಸಂಜೆ ಮತ್ತೆ ಬಾಣಲೆ ಇಟ್ಟೆ. ಮೆಣಸು ಬಿತ್ತು. ಧನಂಜಯ ಹಳೆಯ ಅಭ್ಯಾಸದಂತೆ ಎದ್ದು ಬಂದು ಕಿಟಕಿಗೆ ಕೈ ಹಾಕಿದ. ಮೇಜಿನ ಮೇಲೆ ಹೋಮ್‌ವರ್ಕ್ ಬರೆಯುತ್ತಿದ್ದ ಅಪೇಕ್ಷಾ ತಲೆ ಎತ್ತಲೂ ಇಲ್ಲ.

"ಬಿಡು ಅಪ್ಪ," ಅಂದಳು. ಕನ್ನಡದಲ್ಲೇ.

ಅವನು ಕೈ ತೆಗೆದ. ಇನ್ನೊಂದು ಕೈಯಲ್ಲಿ ಊದುಬತ್ತಿ ಉಳಿದಿತ್ತು. ಅದನ್ನು ಏನು ಮಾಡುವುದೆಂದು ತೋಚದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಹೋಗಿ ದೇವರ ಮುಂದೆ ಹಚ್ಚಿದ.